ಹೊಸ ಗೊಂಬೆಯ ಫೋಟೊ ಕಳಿಸುವ ಮುನ್ನ

ಪ್ರಶ್ನೆ: ಹುಲಿಹೈದರದ ಓದುಗರೊಬ್ಬರು ಕಿನ್ನಾಳ ಶೈಲಿಯಲ್ಲಿ ಹೊಸ ಗೊಂಬೆ ರೂಪಿಸಿದ್ದಾರೆ. ಬೆಂಗಳೂರಿನ ಅಂಗಡಿಯವರು ನಮೂನೆ, ದರ ಕೇಳಿದ್ದಾರೆ. ನಕಲಾದೀತೆಂಬ ಅಳುಕು.

ವಕೀಲರ ಉತ್ತರ: ಕಿನ್ನಾಳ ಗೊಂಬೆಗೆ ಸಿಕ್ಕಿರುವ ಭೌಗೋಳಿಕ ಸೂಚಕ ಆ ಹೆಸರನ್ನು ಕಾಯುತ್ತದೆ, ನಿಮ್ಮ ಹೊಸ ರೂಪವನ್ನಲ್ಲ. ನೀವು ಬರೆದ ಚಿತ್ರಕ್ಕೆ 1957ರ ಕಾಯ್ದೆಯಡಿ ನೋಂದಣಿ ಇಲ್ಲದೆಯೂ ಹಕ್ಕುಸ್ವಾಮ್ಯವಿದೆ. ತಾರೀಖು ಹಾಕಿದ ಸ್ಕೆಚ್ಚು, ಫೋಟೊ ಜೋಪಾನ ಮಾಡಿ. ಯಂತ್ರದಲ್ಲಿ ನೂರಾರು ತೆಗೆಸುವುದಾದರೆ 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿ ಬೇಕು. ಅದೂ ವಾಟ್ಸಾಪ್ ಸ್ಟೇಟಸ್ಸಿಗೆ ಏರಿಸುವ ಮೊದಲೇ.

ದರಪಟ್ಟಿಯಲ್ಲಿ ಮರ, ಬಣ್ಣ, ಕೂಲಿಯ ಕೆಳಗೆ ವಿನ್ಯಾಸದ ಶುಲ್ಕವನ್ನು ಬೇರೆಯಾಗಿಯೇ ಬರೆಯಿರಿ. ಕಸುಬುದಾರರು ಬಿಟ್ಟುಬಿಡುವುದು ಇದನ್ನೇ. ಹಕ್ಕುಸ್ವಾಮ್ಯದ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ನಮೂದಿಸದಿದ್ದರೆ ಕಾನೂನು 5 ವರ್ಷವೆಂದು ಹಿಡಿಯುತ್ತದೆ. ‘ಸಂಪೂರ್ಣ ಹಕ್ಕು’ ಎಂಬ ಸಾಲು ಕಂಡರೆ ಸಹಿ ಮಾಡದೆ, ಗಂಗಾವತಿಯಲ್ಲೋ ಕೊಪ್ಪಳದಲ್ಲೋ ವಕೀಲರಿಗೆ ಕರಾರುಪತ್ರ ತೋರಿಸಿ.