ಪಿನ್ ಕೂತಿತು, ಲಾರಿ ಕುಂಟಿತು

ನಲವತ್ಮೂರನೇ ವಯಸ್ಸಿನಲ್ಲಿ ನಾನು ರಾತ್ರಿ ಲಾರಿ ಓಡಿಸುತ್ತೇನೆ. ಹಗಲು ಬೀದರ್‌ನಲ್ಲಿ ಲೆಕ್ಕಪತ್ರದ ಕೆಲಸ. ಸಂಜೆ ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯ ದಾಟಿ ಕಮಠಾಣಕ್ಕೆ ಮರಳಿ, ಉಂಡು, ಮನೆಯವರೆಲ್ಲ ಮಲಗಿದ ಮೇಲೆ ಒಂದು ತಾಸು ಫ್ರಾನ್ಸಿನ ಕ್ಯಾಲೆಯಿಂದ ಜರ್ಮನಿಯ ಡೂಯಿಸ್‌ಬರ್ಗ್‌ಗೆ ಮಾಲು ಹೇರಿಕೊಂಡು ಹೊರಡುತ್ತೇನೆ. 'ಯೂರೋ ಟ್ರಕ್ ಸಿಮ್ಯುಲೇಟರ್ 2' ಎಂಬ ಈ ಆಟ 2012ರದ್ದು. ಇದರಲ್ಲಿ ಗುಂಡು ಹಾರಿಸುವುದಿಲ್ಲ, ಯಾರನ್ನೂ ಸೋಲಿಸುವುದಿಲ್ಲ. ಸಿಗ್ನಲ್ ಕೆಂಪಾದರೆ ನಿಲ್ಲಬೇಕು, ನಿಲ್ಲದಿದ್ದರೆ ದಂಡ ಕಟ್ಟಬೇಕು. ಒಂದು ರಾತ್ರಿ ನೀರು ಕುಡಿಯಲು ಎದ್ದ ಅವ್ವ ಹಿಂದೆ ನಿಂತು ನೋಡಿ, "ದಿನಾ ರಾತ್ರಿ ಲಾರಿ ಹೊಡಿತಿ, ಒಂದ್ ರೂಪಾಯಿ ಬಾಡಿಗಿ ಮನಿಗಿ ಬರಲ್ಲ" ಅಂದಳು. ಹಣಕಾಸಿನ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳುವವನಿಗೆ ಇದಕ್ಕಿಂತ ಖಾರದ ಮಾತು ಯಾರೂ ಹೇಳಿಲ್ಲ.

ಆ ಲಾರಿ 2025ರ ನವೆಂಬರ್‌ನಲ್ಲಿ ಕೆಟ್ಟಿತು. ಕೆಟ್ಟಿತು ಅಂದರೆ ನಿಲ್ಲಲಿಲ್ಲ, ಕುಂಟತೊಡಗಿತು. ಪರದೆಯ ಮೇಲೆ ಸೆಕೆಂಡಿಗೆ ಅರವತ್ತು ಚಿತ್ರ ಮೂಡಬೇಕಾದ ಕಡೆ ಹದಿನೆಂಟು, ಹತ್ತೊಂಬತ್ತು. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಲಾರಿ ಅರ್ಧ ಕ್ಷಣ ಯೋಚಿಸಿ ಆಮೇಲೆ ತಿರುಗುತ್ತಿತ್ತು. ಅಷ್ಟರಲ್ಲಿ ಪಕ್ಕದ ತಡೆಗೋಡೆಗೆ ಗುದ್ದಿಯಾಗಿರುತ್ತಿತ್ತು. ಆಟ ಶುರುವಾದ ಮೊದಲ ಐದು ನಿಮಿಷ ಚೆನ್ನಾಗಿಯೇ ಇರುತ್ತಿತ್ತು ಎಂಬುದನ್ನು ಆಗಲೇ ಗಮನಿಸಿದ್ದೆ, ಅದರ ಅರ್ಥ ಮಾತ್ರ ಹೊಳೆಯಲಿಲ್ಲ.

ಲ್ಯಾಪ್‌ಟಾಪ್ 2019ರ ದಸರೆಗೆ ₹62,000 ಕೊಟ್ಟು ತಂದದ್ದು. ಇಂಟೆಲ್‌ನ ಒಂಬತ್ತನೇ ತಲೆಮಾರಿನ ಐ5 ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ಸ್, 8 ಜಿಬಿ ರ‍್ಯಾಮ್. ಆಗಲೇ ಆರು ವರ್ಷವಾಗಿತ್ತು. ಎತ್ತಿಗೆ ಹಲ್ಲು ಎಣಿಸುವ ಹಾಗೆ ಲ್ಯಾಪ್‌ಟಾಪಿಗೂ ವರ್ಷ ಎಣಿಸಿ, "ಇದರ ಕಾಲ ಮುಗೀತು" ಎನ್ನುವುದು ಸುಲಭ. ನಾನೂ ಹಾಗೇ ಅಂದುಕೊಂಡೆ.

ಮೊದಲ ಅನುಮಾನ ವಿಂಡೋಸ್ ಮೇಲೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತಲ್ಲ, ಅದೇ ವಾರ ನಾನು ವಿಂಡೋಸ್ 11 ಹಾಕಿಕೊಂಡಿದ್ದೆ. ಹೊಸದು ಭಾರವಾಗಿ ಹಳೆಯ ಎತ್ತು ಎಳೆಯಲಾರದೆ ಹೋಗಿದೆ ಎಂದು ಮೂರು ರಾತ್ರಿ ಕೂತು ಗ್ರಾಫಿಕ್ಸ್ ಡ್ರೈವರ್ ತೆಗೆದು ಮತ್ತೆ ಹಾಕಿದೆ, ಹಿನ್ನೆಲೆಯಲ್ಲಿ ಓಡುವ ಹತ್ತೆಂಟು ಪ್ರೋಗ್ರಾಮ್ ನಿಲ್ಲಿಸಿದೆ, ಆಟವನ್ನೇ ಅಳಿಸಿ ಮತ್ತೆ ಇಳಿಸಿಕೊಂಡೆ. ಖರ್ಚು ಸೊನ್ನೆ, ಫಲವೂ ಸೊನ್ನೆ.

ಎರಡನೇ ಅನುಮಾನಕ್ಕೆ ಹಣ ಹೋಯಿತು. ಆಫೀಸಿನ ಒಬ್ಬ ಹುಡುಗ "ಸರ್, 8 ಜಿಬಿ ರ‍್ಯಾಮ್‌ದಾಗ ಈಗ ಏನೂ ನಡೆಯಲ್ರಿ" ಅಂದ. ಮಾತು ಪೂರ್ತಿ ಸುಳ್ಳೇನಲ್ಲ. ಇನ್ನೊಂದು 8 ಜಿಬಿ ತುಂಡಿಗೆ ₹3,200 ಕೊಟ್ಟೆ. ಅದೂ ಎಂಥ ಹೊತ್ತಿನಲ್ಲಿ! ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ ಹರಿದುಹೋಗಿ, ನಮ್ಮಂಥವರ ರ‍್ಯಾಮ್ ಬೆಲೆ ತಿಂಗಳಿಂದ ತಿಂಗಳಿಗೆ ಏರುತ್ತಿದ್ದ ಕಾಲ ಅದು. ಹಾಕಿ ನೋಡಿದರೆ ಬ್ರೌಸರ್ ಚುರುಕಾಯಿತು. ಲಾರಿ ಹತ್ತೊಂಬತ್ತರಲ್ಲೇ ಉಳಿಯಿತು.

ಇನ್ನು ಹೊಸದೇ ಸರಿ ಎಂದು ಒಂದು ಶನಿವಾರ ಅಂಗಡಿಗೆ ಹೋದೆ. ₹78,990ರ ಯಂತ್ರ, ಕ್ರೆಡಿಟ್ ಕಾರ್ಡಿನ ಮೇಲೆ ಹನ್ನೆರಡು ತಿಂಗಳ 'ನೋ ಕಾಸ್ಟ್ ಇಎಂಐ'. ತಿಂಗಳಿಗೆ ₹6,583. ಮಾರುವ ಹುಡುಗ ನನ್ನ ಹಳೆಯದರ ಕಥೆ ಕೇಳಿ, ವಿಂಡೋಸ್ 10 ಬಂದ್ ಆದ ಮೇಲೆ ಅಂಥವೆಲ್ಲ ಹೋದವೇ ಲೆಕ್ಕ ಅಂದ. ಇಂಟೆಲ್‌ನ ಎಂಟನೇ ತಲೆಮಾರು ಮತ್ತು ಅದರ ನಂತರದ ಹೆಚ್ಚಿನವಕ್ಕೆ ವಿಂಡೋಸ್ 11 ಬರುತ್ತದೆ, ನನ್ನದರಲ್ಲಿ ಈಗಾಗಲೇ ಓಡುತ್ತಿದೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಕೊಳ್ಳಬೇಕೆಂದು ಮನಸ್ಸು ಮಾಡಿ ಹೋದವನು ವಾದ ಮಾಡುವುದಿಲ್ಲ.

ಆದರೆ ಲೆಕ್ಕದ ಚಟ ಬಿಡಬೇಕಲ್ಲ. ಅಲ್ಲೇ ಸ್ಟೂಲ್ ಮೇಲೆ ಕೂತು ಮೊಬೈಲಿನಲ್ಲಿ ಗುಣಿಸಿದೆ. ಅಂಗಡಿ ಮಾಲಿಗೆ ಬಡ್ಡಿ ಇಲ್ಲದ ಸಾಲ ಯಾವ ಬ್ಯಾಂಕೂ ತನ್ನ ಕೈಯಿಂದ ಕೊಡುವುದಿಲ್ಲ. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು. ಆಮೇಲೆ ಬಂದದ್ದು ಈ ವೇಷ: ಬಡ್ಡಿಯಷ್ಟು ಮೊತ್ತವನ್ನು ಮುಂಚೆಯೇ ಬೆಲೆಯಲ್ಲಿ 'ರಿಯಾಯಿತಿ' ಎಂದು ತೋರಿಸಿ, ಮತ್ತೆ ಬಡ್ಡಿ ಎಂದು ವಸೂಲು ಮಾಡುವುದು. ವರ್ಷಕ್ಕೆ 16 ಪರ್ಸೆಂಟ್ ಹಿಡಿದರೆ ಈ ಕಂತುಗಳಲ್ಲಿ ಬಡ್ಡಿಯ ಪಾಲು ಸುಮಾರು ₹6,400. ಕಾರ್ಡಿನ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಉಂಟು, ಅದು ನಮ್ಮ ಕಿಸೆಯಿಂದಲೇ: ₹1,150ರ ಆಸುಪಾಸು. ಮೇಲೆ ಪ್ರೊಸೆಸಿಂಗ್ ಶುಲ್ಕ, ಅದಕ್ಕೂ ಜಿಎಸ್‌ಟಿ. "ಜಿಎಸ್‌ಟಿ ಇಳಿದದಲ್ರಿ ಸರ್" ಎಂದು ಹುಡುಗ ನೆನಪಿಸಿದ. 2025ರ ಸೆಪ್ಟೆಂಬರ್ 22ರಂದು ಇಳಿದದ್ದು ದೊಡ್ಡ ಟಿವಿ, ಎಸಿ ಮುಂತಾದವಕ್ಕೆ, 28ರಿಂದ 18ಕ್ಕೆ. ಲ್ಯಾಪ್‌ಟಾಪ್ ಮೊದಲೂ 18, ಈಗಲೂ 18. ಹೀಗೆ ಎಂಬತ್ತು ಸಾವಿರ ದಾಟುವುದು ಕಂಡಿತು. ಸೋಮವಾರ ಬರುತ್ತೇನೆ ಎಂದು ಎದ್ದೆ. ಅಂಗಡಿಯವರಿಗೆ ಈ ಸೋಮವಾರದ ಅರ್ಥ ಗೊತ್ತಿರುತ್ತದೆ.

ಅಲ್ಲಿಂದ ಹಳೆಯ ಯಂತ್ರ ಹೊತ್ತು ನಡೆದು ಹೋದದ್ದು ಚೌಬಾರಾ ಹತ್ತಿರದ ಗಲ್ಲಿಗೆ. ಅಲ್ಲೊಬ್ಬ ರಿಪೇರಿ ಹುಡುಗ ಇದ್ದಾನೆ, ಎಲ್ಲರೂ ಉಸ್ತಾದ್ ಅನ್ನುತ್ತಾರೆ, ವಯಸ್ಸು ಇಪ್ಪತ್ತೈದೂ ಇರಲಿಕ್ಕಿಲ್ಲ. ಹಿಂದಿನ ಮುಚ್ಚಳದ ಹತ್ತು ಸ್ಕ್ರೂ ಬಿಚ್ಚಿ ಅಯಸ್ಕಾಂತದ ಬಿಲ್ಲೆ ಮೇಲೆ ಸಾಲಾಗಿ ಇಟ್ಟ. ಮುಚ್ಚಳ ಎತ್ತಿದವನು ನನ್ನ ಮುಖ ನೋಡಿದ. "ಅಣ್ಣಾ, ಇದ್ರಾಗ ಸೋಯಾ ರಾಶಿ ಮಾಡೀರಿ ಏನು?"

ಸುಳ್ಳಲ್ಲ. ಮನೆ ಮುಂದೆ ರಾಶಿ ನಡೆದ ನಾಲ್ಕು ದಿನ ಈ ಯಂತ್ರ ಕಿಟಕಿ ಪಕ್ಕದ ಮೇಜಿನ ಮೇಲೇ ಇತ್ತು. ತಾಮ್ರದ ಕೊಳವೆಯ ತುದಿಗೆ ಬಾಚಣಿಗೆಯ ಹಲ್ಲಿನಂತೆ ತೆಳ್ಳಗಿನ ರೆಕ್ಕೆಗಳಿರುತ್ತವೆ, ಫ್ಯಾನ್ ಗಾಳಿ ಅವುಗಳ ನಡುವೆ ಹೊರಗೆ ಹೋಗಬೇಕು. ಅಲ್ಲಿ ಹೊಟ್ಟು ಮತ್ತು ಧೂಳು ಸೇರಿ ಕಂಬಳಿಯ ತುಂಡಿನ ಹಾಗೆ ಹೆಪ್ಪುಗಟ್ಟಿತ್ತು. ಅವನು ಚಿಮಟಿಯಿಂದ ಒಂದೇ ಪಟ್ಟಿಯಾಗಿ ಎಳೆದು ತೆಗೆದ. "ಪೇಸ್ಟ್ ಪೂರಾ ಒಣಗ್ಯಾದ ನೋಡ್ರಿ" ಎಂದು ಪ್ರೊಸೆಸರ್ ಮೇಲಿನ ಬೂದು ಹಕ್ಕಳೆ ಕೆರೆದು ಹೊಸ ಥರ್ಮಲ್ ಪೇಸ್ಟ್ ಸಾಸಿವೆಯಷ್ಟು ಹಚ್ಚಿದ. ಬ್ಯಾಟರಿ ಉಬ್ಬಿದೆಯೇ ಎಂದೂ ಬೆರಳಿಂದ ಒತ್ತದೆ, ಕಣ್ಣಳತೆಯಲ್ಲಿ ನೋಡಿದ. ಉಬ್ಬಿರಲಿಲ್ಲ. ಎಲ್ಲ ಸೇರಿ ₹600.

ಈ ಪ್ರೊಸೆಸರ್ 100 ಡಿಗ್ರಿ ಮುಟ್ಟಿದರೆ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ನನ್ನದು ಮೊದಲು 97ಕ್ಕೆ ಹೋಗುತ್ತಿತ್ತು, ಈಗ 82ಕ್ಕೆ ನಿಂತಿತು. ಉಸ್ತಾದನ ಮೇಜಿನ ಮೇಲೆಯೇ ಆಟ ಹಚ್ಚಿ ನೋಡಿದೆವು. ಅರವತ್ತು ಚಿತ್ರ! ಹಾಲೆಂಡಿನ ಹೆದ್ದಾರಿಯಲ್ಲಿ ಅರ್ಧ ತಾಸು ಲಾರಿ ಬೆಣ್ಣೆಯ ಮೇಲೆ ಓಡಿದ ಹಾಗೆ ಓಡಿತು. ಎಂಬತ್ತು ಸಾವಿರ ಉಳಿಸಿದ ಹುಮ್ಮಸ್ಸಿನಲ್ಲಿ ಮನೆಗೆ ಜಿಲೇಬಿ ಕಟ್ಟಿಸಿಕೊಂಡು ಬಂದೆ.

ರಾತ್ರಿ ಆಟ ಹಚ್ಚಿದೆ. ಐದು ನಿಮಿಷ ಚೆನ್ನ. ಆರನೇ ನಿಮಿಷಕ್ಕೆ ಹತ್ತೊಂಬತ್ತು.

ಬೀದರ್‌ನಲ್ಲಿ ಓಡುವುದು ಕಮಠಾಣದಲ್ಲಿ ಓಡುವುದಿಲ್ಲ ಅಂದರೆ ದೋಷ ಎಲ್ಲಿದೆ? ಪಕ್ಕದ ಮನೆ ಕಾಕಾ ಕ್ಷಣದಲ್ಲಿ ತೀರ್ಪು ಕೊಟ್ಟರು: "ಕರೆಂಟ್ ಲೋ ಅದ. ಸ್ಟೆಬಿಲೈಸರ್ ತೊಗೋ." ಅವರ ಮಾತಿನಂತೆ ಎರಡೂವರೆ ಸಾವಿರದ್ದು. ತರ್ಕ ಸರಿಯಾಗಿಯೇ ಕಾಣುತ್ತಿತ್ತು, ನಾನು ಹೆಚ್ಚುಕಡಿಮೆ ಒಪ್ಪಿದ್ದೆ.

ನನ್ನದೊಂದು ಹಳೆಯ ರೂಢಿ ಇದೆ. ಒಂದೇ ವಸ್ತುವಿಗೆ ಮೂರನೇ ಸಲ ಹಣ ಹಾಕುವ ಮುಂಚೆ ಖರ್ಚಿನ ವಹಿ ತೆರೆದು ಅಲ್ಲಿಯವರೆಗೆ ಅದಕ್ಕೆ ಹೋದದ್ದನ್ನೆಲ್ಲ ಕೂಡಿಸಿ ನೋಡುತ್ತೇನೆ. ಮೋಟಾರ್ ಸೈಕಲ್ಲಿಗೂ ಹೀಗೇ, ಬೋರಿನ ಮೋಟಾರಿಗೂ ಹೀಗೇ. ಆ ರಾತ್ರಿ ಪುಟ ತಿರುವಿ ಹಿಂದಕ್ಕೆ ಹೋದೆ. ರಿಪೇರಿ 600. ರ‍್ಯಾಮ್ 3,200. ಅದಕ್ಕೂ ಹಿಂದೆ, ಅಕ್ಟೋಬರ್ 18, ದೀಪಾವಳಿ ಸಾಮಾನಿನ ನಡುವೆ, ಹಣತೆಗೂ ಶೇಂಗಾ ಎಣ್ಣೆಗೂ ಮಧ್ಯೆ ನನ್ನದೇ ಅಕ್ಷರದಲ್ಲಿ: 'ಚಾರ್ಜರ್ 850.'

ಮರೆತೇ ಹೋಗಿತ್ತು. ಕೊಂಡ ಮೇಲೆ ಹಬ್ಬ, ಹೊಲದ ಕೆಲಸ ಎಂದು ಮೂರು ವಾರ ಆಟವನ್ನೇ ಆಡಿರಲಿಲ್ಲ. ಹಾಗಾಗಿ ಚಾರ್ಜರ್ ಬಂದದ್ದಕ್ಕೂ ಲಾರಿ ಕುಂಟಿದ್ದಕ್ಕೂ ಮನಸ್ಸಿನಲ್ಲಿ ಗಂಟು ಬಿದ್ದಿರಲಿಲ್ಲ. ಧೂಳು, ಪೇಸ್ಟು, ವಯಸ್ಸು ಇವೆಲ್ಲ ಮೆಲ್ಲಗೆ ಕೆಡಿಸುತ್ತವೆ. ಹೋದ ವರ್ಷಕ್ಕಿಂತ ಈ ವರ್ಷ ಸ್ವಲ್ಪ ನಿಧಾನ, ಅಷ್ಟೇ. ಅರವತ್ತು ಇದ್ದದ್ದು ಒಮ್ಮೆಲೇ ಹತ್ತೊಂಬತ್ತಾದರೆ ಅದಕ್ಕೊಂದು ತಾರೀಖು ಇರಲೇಬೇಕು. ತಾರೀಖು ನೆನಪಿನಲ್ಲಿ ಉಳಿಯದಿರಬಹುದು, ಹಣ ಕೊಟ್ಟಿದ್ದರೆ ವಹಿಯಲ್ಲಿ ಉಳಿದಿರುತ್ತದೆ.

ಟಾರ್ಚ್ ಹಿಡಿದು ಚಾರ್ಜರ್ ಮಗುಚಿ ಓದಿದೆ. ಇನ್‌ಪುಟ್ 100ರಿಂದ 240 ವೋಲ್ಟ್. ಅಂದರೆ ಊರಿನ ಕರೆಂಟು 180ಕ್ಕೆ ಇಳಿದರೂ ಅದಕ್ಕೆ ಚಿಂತೆಯಿಲ್ಲ, ಕಾಕಾನ ಸ್ಟೆಬಿಲೈಸರ್ ಅಲ್ಲಿಗೇ ಮುಗಿಯಿತು. ಕೆಳಗಿನ ಸಾಲು: ಔಟ್‌ಪುಟ್ 19.5 ವೋಲ್ಟ್, 3.33 ಆಂಪಿಯರ್. ಎರಡನ್ನೂ ಗುಣಿಸಿದರೆ 65 ವ್ಯಾಟ್. ಅಟ್ಟದಿಂದ ಹಳೆಯ ಇಟ್ಟಿಗೆಯಂಥ ಚಾರ್ಜರ್ ತೆಗೆದು ನೋಡಿದೆ: 19.5 ವೋಲ್ಟ್, 7.7 ಆಂಪಿಯರ್. 150 ವ್ಯಾಟ್.

ಪ್ರೊಸೆಸರ್ ಒಂದಕ್ಕೇ 45 ವ್ಯಾಟ್, ಗ್ರಾಫಿಕ್ಸಿಗೆ 50. ಪರದೆ, ಫ್ಯಾನ್ ಬಿಡಿ, ಇವೆರಡೇ 95 ಆಯಿತು. 65 ಕೊಡುವ ಚಾರ್ಜರ್ ಕಟ್ಟಿದರೆ ಉಳಿದದ್ದನ್ನು ಯಂತ್ರ ಬ್ಯಾಟರಿಯಿಂದ ಎಳೆಯುತ್ತದೆ. ನನ್ನ ಆರು ವರ್ಷದ ಬ್ಯಾಟರಿಗೆ ಆ ಎಳೆತ ತಾಳದು. ಐದು ನಿಮಿಷ ದಮ್ಮು ಕಟ್ಟಿ ಕೊಟ್ಟು ಕೈಚೆಲ್ಲುತ್ತದೆ. ಆಗ ಮದರ್‌ಬೋರ್ಡ್ ಪ್ರೊಸೆಸರಿಗೆ ಕಡಿವಾಣ ಹಾಕುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ 4 ಗಿಗಾಹರ್ಟ್ಸ್ ಓಡಬೇಕಾದದ್ದು 0.78ರಲ್ಲಿ ತೆವಳುತ್ತಿತ್ತು. ಪಿನ್ ಸಿಕ್ಕಿಸಿದ್ದರೂ ಬ್ಯಾಟರಿ ತಾಸಿನಲ್ಲಿ ನೂರರಿಂದ ಎಪ್ಪತ್ತೊಂದಕ್ಕೆ ಇಳಿದದ್ದನ್ನು ನಾನು ವಾರಗಟ್ಟಲೆ ಕಣ್ಣಾರೆ ಕಂಡಿದ್ದೆ, ಬ್ಯಾಟರಿ ಹಳೆಯದಾಯಿತು ಎಂದು ನಿಟ್ಟುಸಿರು ಬಿಟ್ಟಿದ್ದೆ. ಉಸ್ತಾದನ ಮೇಜಿನ ಮೇಲೆ ಓಡಿದ್ದೇಕೆ? ಅಲ್ಲಿಗೆ ನನ್ನ ಚಾರ್ಜರ್ ಒಯ್ದಿರಲಿಲ್ಲ, ಅವನ ದೊಡ್ಡದನ್ನು ಸಿಕ್ಕಿಸಿದ್ದ.

₹850ರದ್ದು ಮಾರಿದವರ ತಪ್ಪೇನೂ ಇಲ್ಲ. ಮಾಲು ಅಸಲಿ, ಬಿಐಎಸ್ ಗುರುತು, ಅದರ ಕೆಳಗೆ ನೋಂದಣಿ ಸಂಖ್ಯೆ ಎಲ್ಲ ಇದೆ. ನಾನು ವ್ಯಾಟ್ ಕೇಳಲಿಲ್ಲ. ಪಿನ್ ಕೂಡುತ್ತದೆಯೇ ಎಂದಷ್ಟೇ ಕೇಳಿದೆ. ಕೂಡಿತು.

ಹಳೆಯ ಚಾರ್ಜರಿನ ವೈರ್ ಕಡಿದದ್ದು ಇಲಿ. ಇಲಿ ಬಂದದ್ದು ಸೋಯಾ ಚೀಲಕ್ಕೆ. ಚೀಲ ಮಲಗುವ ಕೋಣೆಯಲ್ಲಿ ಏಕಿದ್ದವು ಅಂದರೆ, 2025ರ ಹಂಗಾಮಿಗೆ ಬೆಂಬಲ ಬೆಲೆ ಕ್ವಿಂಟಲಿಗೆ ₹5,328 ಇತ್ತು, ಗಾಂಧಿಗಂಜಿನಲ್ಲಿ ನಮಗೆ ಕೇಳಿದ್ದು ಅದಕ್ಕಿಂತ ಎಷ್ಟೋ ಕಡಿಮೆ. ತಡೆದು ಮಾರೋಣ ಎಂದು ತಮ್ಮನೂ ನಾನೂ ಒಟ್ಟಿ ಇಟ್ಟೆವು. ಕ್ವಿಂಟಲಿಗೆ ನಾಲ್ಕುನೂರು ಹೆಚ್ಚು ಸಿಕ್ಕೀತೆಂದು ಕಾದವರ ಮನೆಯಲ್ಲಿ ಇಲಿಗೆ ಚಾರ್ಜರಿನ ವೈರೂ ಸಿಕ್ಕಿತು. ಸೋಯಾ ತಡೆದಿಟ್ಟ ಲಾಭದಲ್ಲಿ ಇದನ್ನು ಕಳೆಯಬೇಕೋ ಬೇಡವೋ ಎಂದು ತಮ್ಮನಿಗೂ ನನಗೂ ಇನ್ನೂ ಇತ್ಯರ್ಥವಾಗಿಲ್ಲ.

150 ವ್ಯಾಟಿನ ಹೊಸದಕ್ಕೆ ₹3,450 ಬಿತ್ತು. ಸಿಕ್ಕಿಸಿದ ರಾತ್ರಿ ಕ್ಯಾಲೆಯಿಂದ ಡೂಯಿಸ್‌ಬರ್ಗ್ ತನಕ ಒಮ್ಮೆಯೂ ಗುದ್ದಲಿಲ್ಲ. ಬೆಳಿಗ್ಗೆ ವಹಿಯಲ್ಲಿ ಗೀಟು ಎಳೆದು ಕೂಡಿಸಿದೆ: 850, 3,200, 600, 3,450. ಒಟ್ಟು 8,100. ಇದರಲ್ಲಿ ಆಟಕ್ಕೆ ಬೇಕಿದ್ದದ್ದು ಚಾರ್ಜರ್ ಒಂದೇ. ಸ್ವಚ್ಛ ಮಾಡಿಸಿದ್ದು ಹೇಗೂ ಆಗಬೇಕಿದ್ದ ಕೆಲಸ. ಉಳಿದ ₹4,050, ಸರಿಯಾಗಿ ಅರ್ಧ, ನನ್ನ ಅವಸರದ ಬಾಡಿಗೆ. ಹೆಂಡತಿ ಆ ಪುಟ ನೋಡಿದಳು. "ರ‍್ಯಾಮ್ ವಾಪಸ್ ತೊಗೋತಾರ ಏನ್ರಿ?" ಎಂದಷ್ಟೇ ಕೇಳಿದಳು. ತೊಗೊಳ್ಳಲಿಲ್ಲ.

ಬ್ಯಾಟರಿ ಬದಲಿಸಬೇಕೋ ಎಂಬುದು ಉಳಿದಿದೆ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯಬಹುದು, ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂದು ಎರಡು ಅಂಕಿ ಕೊಡುತ್ತದೆ. ನನ್ನದು 48 ವ್ಯಾಟ್‌ಅವರ್ ಇದ್ದದ್ದು 29ಕ್ಕೆ ಬಂದಿದೆ. ಮೇಜು ಬಿಟ್ಟು ಏಳದ ಯಂತ್ರಕ್ಕೆ ಅಷ್ಟು ಸಾಕು. ಉಬ್ಬುವ ತನಕ ಅದಕ್ಕೆ ಕೈ ಹಾಕುವುದಿಲ್ಲ.

65 ವ್ಯಾಟಿನದನ್ನು ಬಿಸಾಡಿಲ್ಲ. ಈ ಅಂಕಣ ಟೈಪ್ ಮಾಡುತ್ತಿರುವುದು ಅದರ ಮೇಲೆಯೇ, ಅಕ್ಷರ ಒತ್ತಲು ಅದು ಧಾರಾಳವಾಯಿತು. ದೊಡ್ಡದು ಗೋಡೆಯ ಗೂಟಕ್ಕೆ, ಇಲಿಗೆ ಎಟುಕದ ಎತ್ತರದಲ್ಲಿ, ಅಪ್ಪನ ಹಳೆಯ ಛತ್ರಿಯ ಪಕ್ಕ ತೂಗುತ್ತಿದೆ. ರಾತ್ರಿ ಹತ್ತಕ್ಕೆ ಅದನ್ನು ಇಳಿಸಲು ಸ್ಟೂಲ್ ಎಳೆದರೆ ಒಳಗಿನಿಂದ ಅವ್ವನ ದನಿ: "ಹೊಂಟಿತು ಲಾರಿ."