ಚಿತ್ರ ಚೆನ್ನಾಗಿದೆ ಅಂದರೆ ಸಾಲದು: ಮಲೆನಾಡಿನ ಮನೆಗಳಲ್ಲಿ ಡಿಜಿಟಲ್ ಟಿವಿ ಕಲಿಸಿದ ಪಾಠಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಟಿವಿ ಕೆಲಸ ಮಾಡುವ ನಾವು ಮೂರು ಕಾಲ ಕಂಡಿದ್ದೇವೆ. ಗುಡ್ಡದ ನೆತ್ತಿಯಲ್ಲಿ ಆಂಟೆನಾ ನೆಟ್ಟು, ಮನೆಯವರೆಗೆ ಚಪ್ಪಟೆ ವೈರ್ ಎಳೆದು ದೂರದರ್ಶನ ಹಿಡಿದ ಕಾಲ ಒಂದು. ಪೇಟೆಯಲ್ಲಿ ಕಂಬದಿಂದ ಕಂಬಕ್ಕೆ ಕೇಬಲ್ ಹಾದ ಕಾಲ ಇನ್ನೊಂದು. ಮೂರನೆಯದು ಡಿಶ್ ಮತ್ತು ಸೆಟ್‌ಟಾಪ್ ಬಾಕ್ಸಿನ ಕಾಲ. ಸರ್ಕಾರದ ಲೆಕ್ಕದಲ್ಲಿ ಈ ಬದಲಾವಣೆಗೆ ತಾರೀಖುಗಳಿವೆ. 2011ರಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿ ಆಗಿ, ಅನಲಾಗ್ ಕೇಬಲ್ ಡಿಜಿಟಲ್ ಆಗಬೇಕಾಯಿತು. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ 31ರ ಗಡುವು, ಉಳಿದ ಪಟ್ಟಣಗಳಿಗೆ 2015ರ ಡಿಸೆಂಬರ್ 31, ಹಳ್ಳಿಗಳಿಗೆ ಮುಂದೂಡಿ ಮುಂದೂಡಿ 2017ರ ಮಾರ್ಚ್ 31. ದೂರದರ್ಶನವೂ ತನ್ನ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಹಂತ ಹಂತವಾಗಿ ನಿಲ್ಲಿಸಿತು. ಆದರೆ ಮನೆಗಳ ಒಳಗೆ ಈ ಬದಲಾವಣೆ ಇನ್ನೂ ಮುಗಿದಿಲ್ಲ. ಮಾಡಿನ ಮೇಲೆ, ಗೋಡೆಯ ಹಿಂದೆ, ರಿಮೋಟ್ ಹಿಡಿದ ಕೈಯಲ್ಲಿ ಅದು ಇವತ್ತಿಗೂ ನಡೆಯುತ್ತಿದೆ. ಆ ಕೆಲಸದಲ್ಲಿ ಕಲಿತದ್ದು ಇಷ್ಟು.

1. ಚಿತ್ರ ನೋಡಿ ಇಳಿದು ಬರಬೇಡಿ, ಅಂಕಿ ನೋಡಿ ಇಳಿಯಿರಿ

ಅನಲಾಗ್ ಟಿವಿ ತನ್ನ ನೋವನ್ನು ತಾನೇ ಹೇಳಿಕೊಳ್ಳುವ ರೋಗಿ. ಸಿಗ್ನಲ್ ಸ್ವಲ್ಪ ಇಳಿದರೆ ತೆರೆಯ ಮೇಲೆ ಚುಕ್ಕಿ, ಗುಡ್ಡಕ್ಕೆ ಬಡಿದು ಬಂದರೆ ಒಂದು ಮುಖಕ್ಕೆ ಎರಡು ನೆರಳು. ಮನೆಯವರು ಆಂಟೆನಾವನ್ನು ಅತ್ತಿತ್ತ ತಿರುಗಿಸಿ, ಒಳಗಿದ್ದವರನ್ನು “ಈಗ ಬಂತಾ?” ಎಂದು ಕೇಳಿ ಸರಿಮಾಡಿಕೊಳ್ಳುತ್ತಿದ್ದರು.

ಡಿಜಿಟಲ್ ಹಾಗಲ್ಲ. ಸಿಗ್ನಲ್ಲಿನ ಜೊತೆಗೇ ತಪ್ಪು ತಿದ್ದುವ ಮಾಹಿತಿಯೂ ಬರುತ್ತದೆ. ಒಂದು ಮಿತಿಯವರೆಗೆ ಬಾಕ್ಸ್ ಎಲ್ಲ ತಪ್ಪನ್ನೂ ತಿದ್ದಿ ನಿಚ್ಚಳ ಚಿತ್ರ ಕೊಡುತ್ತದೆ. ಮಿತಿ ದಾಟಿತೋ, ಚಿತ್ರ ಚೌಕ ಚೌಕವಾಗಿ ಒಡೆದು, ನಿಂತು, ಹೋಗಿಯೇಬಿಡುತ್ತದೆ. ಹಾಗಾಗಿ ಮಿತಿಗಿಂತ ಬಹಳ ಮೇಲಿರುವ ಡಿಶ್ಶೂ ಮಿತಿಯ ಅಂಚಿನಲ್ಲಿರುವ ಡಿಶ್ಶೂ ತೋರಿಸುವುದು ಒಂದೇ ಚಿತ್ರ. ವ್ಯತ್ಯಾಸ ಗೊತ್ತಾಗುವುದು ಬಾಕ್ಸಿನ ಮೆನುವಿನಲ್ಲಿ. ಅಲ್ಲಿ ಎರಡು ಅಂಕಿಗಳಿರುತ್ತವೆ: ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ಎಂದರೆ ವೈರಿನಲ್ಲಿ ಎಷ್ಟು ಬಂತು ಎಂಬುದು. ಬೇರೆ ಉಪಗ್ರಹದತ್ತ ಮುಖಮಾಡಿದ ಡಿಶ್‌ಗೂ ಅದು ಚೆನ್ನಾಗಿಯೇ ಕಾಣಬಹುದು. ನಂಬಬೇಕಾದದ್ದು ಕ್ವಾಲಿಟಿಯನ್ನು. ಚಿತ್ರ ಬಂದ ಮೇಲೂ ಡಿಶ್ಶನ್ನು ಕೂದಲೆಳೆಯಷ್ಟು ಅಲುಗಿಸುತ್ತಾ ಕ್ವಾಲಿಟಿ ಇನ್ನು ಏರುವುದಿಲ್ಲ ಎನ್ನುವ ಜಾಗ ಸಿಕ್ಕಿದ ಮೇಲೆಯೇ ನಟ್ ಬಿಗಿಯಬೇಕು. ನಟ್ ಬಿಗಿಯುವಾಗಲೂ ಡಿಶ್ ಸರಿಯುತ್ತದೆ, ಬಿಗಿದ ಮೇಲೆ ಮತ್ತೊಮ್ಮೆ ನೋಡಿ.

2. ಡಿಶ್ ನೋಡುವುದು ನಾವು ಅಂದುಕೊಂಡದ್ದಕ್ಕಿಂತ ಬಹಳ ಮೇಲೆ

“ಎದುರಿಗೆ ಅಡಿಕೆ ತೋಟ ಇದೆ, ಡಿಶ್ ಆಗೂದಿಲ್ಲ ಅಲ್ವಾ?” ಎಂದು ಕೇಳುವವರು ಬಹಳ. ಮನೆಗೆ ಹಾಕುವ ಚಿಕ್ಕ ಡಿಶ್‌ಗಳಲ್ಲಿ ಸಿಗ್ನಲ್ ಹಿಡಿಯುವ ಮೂತಿ, ಅಂದರೆ ಎಲ್‌ಎನ್‌ಬಿ, ನಡುವಿಗೆ ಇರದೆ ಕೆಳಗೆ ಇರುತ್ತದೆ. ಇದರಿಂದ ಡಿಶ್ಶಿನ ಮುಖ ಕಂಡದ್ದಕ್ಕಿಂತ ಸುಮಾರು 25 ಡಿಗ್ರಿ ಮೇಲಕ್ಕೆ ಅದರ ನೋಟ ಹೋಗುತ್ತದೆ. ಮುಖ ತೋಟದ ಕಡೆ ಇದ್ದರೂ ನೋಟ ತೋಟದ ಮೇಲಿನ ಆಕಾಶದಲ್ಲಿ.

ಕರ್ನಾಟಕದಿಂದ ಟಿವಿ ಉಪಗ್ರಹಗಳೆಲ್ಲ ದಕ್ಷಿಣ ಮತ್ತು ಪೂರ್ವದ ನಡುವೆ ಕಾಣುತ್ತವೆ, ಆದರೆ ಒಂದೇ ಎತ್ತರದಲ್ಲಲ್ಲ. ಸಾಗರದಲ್ಲಿ ನಿಂತರೆ ಟಾಟಾ ಪ್ಲೇಯ 83 ಡಿಗ್ರಿ ಪೂರ್ವದ ಉಪಗ್ರಹ ನೆಲದಿಂದ ಸುಮಾರು 71 ಡಿಗ್ರಿ ಮೇಲೆ, ದಕ್ಷಿಣಕ್ಕೂ ಆಗ್ನೇಯಕ್ಕೂ ನಡುವೆ ಇದೆ. ಡಿಡಿ ಫ್ರೀ ಡಿಶ್ ಇರುವ 93.5 ಡಿಗ್ರಿಯದು ಆಗ್ನೇಯಕ್ಕೆ 63 ಡಿಗ್ರಿ ಎತ್ತರದಲ್ಲಿದೆ. ಏರ್‌ಟೆಲ್‌ನ 108.2 ಡಿಗ್ರಿಯದು ಪೂರ್ವದತ್ತ ವಾಲಿ 48 ಡಿಗ್ರಿ ಎತ್ತರದಲ್ಲಿದೆ. ಡಿಶ್‌ಗಿಂತ ಹತ್ತು ಮೀಟರ್ ಎತ್ತರದ ಮರ ಆ ದಿಕ್ಕಿನಲ್ಲಿದ್ದರೆ ಮೊದಲನೆಯದಕ್ಕೆ ಅದು ಮೂರೂವರೆ ಮೀಟರ್ ದೂರವಿದ್ದರೆ ಸಾಕು. ಎರಡನೆಯದಕ್ಕೆ ಐದು, ಮೂರನೆಯದಕ್ಕೆ ಒಂಬತ್ತು ಮೀಟರ್ ಬೇಕು. ತೋಟದ ನಡುವಿನ ಮನೆಯವರು ಕಂಪನಿ ಆರಿಸುವಾಗ ಪ್ಯಾಕೇಜ್ ನೋಡುವ ಮುಂಚೆ ಈ ಲೆಕ್ಕ ನೋಡಬೇಕು. ಜೊತೆಗೆ, ಮರ ಬೆಳೆಯುತ್ತದೆ. ಇವತ್ತು ಗರಿಯ ಸಂದಿಯಲ್ಲಿ ಕಷ್ಟಪಟ್ಟು ಹಾದುಬಂದ ಸಿಗ್ನಲ್ ಎರಡು ವರ್ಷದಲ್ಲಿ ಹಾದುಬರುವುದಿಲ್ಲ.

3. ಮಳೆಗಾಲದ ಟಿವಿಯನ್ನು ಬೇಸಿಗೆಯಲ್ಲೇ ಕಟ್ಟಬೇಕು

ಡಿಶ್ಶಿನ ಸಿಗ್ನಲ್ ಬರುವುದು ಕೆಯು ಬ್ಯಾಂಡ್ ಎಂಬ ಅಲೆಗಳಲ್ಲಿ. ಅವುಗಳ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ಅಷ್ಟು ಚಿಕ್ಕ ಅಲೆಗಳನ್ನು ದಪ್ಪ ಹನಿ ಮಳೆ ಹೀರುತ್ತದೆ, ಚದುರಿಸುತ್ತದೆ. ಆಷಾಢದ ಮಳೆ ಹೊಡೆಯುವಾಗ ಕೊಂಚ ಹೊತ್ತು ಟಿವಿ ಹೋಗುವುದನ್ನು ಪೂರ್ತಿ ತಪ್ಪಿಸಲು ಯಾರಿಂದಲೂ ಆಗದು. ಆದರೆ ಅದು ಐದು ನಿಮಿಷ ಹೋಗುತ್ತದೋ, ಇಡೀ ಸಂಜೆ ಹೋಗುತ್ತದೋ ಎಂಬುದು ನಮ್ಮ ಕೈಯಲ್ಲಿದೆ.

60 ಸೆಂಟಿಮೀಟರ್ ಡಿಶ್ಶಿನ ಜಾಗದಲ್ಲಿ 90 ಸೆಂಟಿಮೀಟರ್‌ನದು ಹಾಕಿದರೆ ಹಿಡಿಯುವ ಸಿಗ್ನಲ್ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಘಟ್ಟದ ಅಂಚಿನ ಮನೆಗಳಿಗೆ ಈ ಖರ್ಚು ದಂಡವಲ್ಲ. ಆದರೆ ದೊಡ್ಡ ಡಿಶ್‌ಗೆ ಗಾಳಿಯ ಹೊಡೆತವೂ ಹೆಚ್ಚು, ನೋಟವೂ ಕಿರಿದು. 60ರದ್ದೇ ಮೂರು ಡಿಗ್ರಿಯಷ್ಟು ಅಗಲ ಮಾತ್ರ ನೋಡುತ್ತದೆ. ಒಂದೆರಡು ಡಿಗ್ರಿ ಜರುಗಿದರೂ ಕತೆ ಮುಗಿಯಿತು. ಅದಕ್ಕೇ ಹಳೆಯ ಆಂಟೆನಾ ಪೈಪ್ ಇದಕ್ಕೆ ಆಗುವುದಿಲ್ಲ. ಆಂಟೆನಾ ಗಾಳಿಗೆ ತೂಗಾಡಿದರೂ ಚಿತ್ರ ಬರುತ್ತಿತ್ತು, ಡಿಶ್ ತೂಗಾಡಬಾರದು. ಹೆಂಚಿನ ಮಾಡಿನ ಪಕಾಸಿಗೆ ಕಟ್ಟುವುದಕ್ಕಿಂತ ಅಂಗಳದ ಮೂಲೆಯಲ್ಲಿ ಕಾಂಕ್ರೀಟ್ ಹಾಕಿ ಗಟ್ಟಿ ಪೈಪ್ ನೆಡುವುದು ಒಳ್ಳೆಯದು. ಕೈಗೆ ಎಟುಕುತ್ತದೆ, ಮಳೆಯಲ್ಲಿ ಮಾಡು ಹತ್ತುವ ಅಪಾಯವಿಲ್ಲ. ಡಿಶ್ ಮೇಲೆ ಕೂತು ಜೋಲಿ ಹೊಡೆಯುವ ಮಂಗಗಳಿರುವ ಊರಿನಲ್ಲಂತೂ ಕಣ್ಣೆದುರಿಗೆ ಇದ್ದರೇ ಕ್ಷೇಮ.

4. ಅರ್ಧ ಚಾನೆಲ್ ಬಂದು ಅರ್ಧ ಬರದಿದ್ದರೆ ವೈರ್ ಹಿಡಿದು ನೋಡಿ

“ಉದಯ ಬರ್ತದೆ, ಜೀ ಬರೂದಿಲ್ಲ. ದುಡ್ಡು ಕಟ್ಟಿದೀವಲ್ಲ?” ಇಂಥ ದೂರಿನಲ್ಲಿ ತಪ್ಪು ಎಷ್ಟೋ ಸಲ ಕಂಪನಿಯದಲ್ಲ, ವೈರಿನದು. ಸಿಗ್ನಲ್ ಆಕಾಶದಿಂದ ಎರಡು ಬಗೆಯಲ್ಲಿ ಇಳಿಯುತ್ತದೆ: ಲಂಬ ಮತ್ತು ಅಡ್ಡ. ಯಾವುದು ಬೇಕೆಂದು ಬಾಕ್ಸ್ ಎಲ್‌ಎನ್‌ಬಿಗೆ ಹೇಳುವುದು ಅದೇ ವೈರಿನಲ್ಲಿ ಕರೆಂಟ್ ಕಳಿಸಿ. 13 ವೋಲ್ಟ್ ಕೊಟ್ಟರೆ ಲಂಬ, 18 ಕೊಟ್ಟರೆ ಅಡ್ಡ. ವೈರ್ ತೀರಾ ಉದ್ದವಾದರೆ, ಕಳಪೆಯಾದರೆ, ಅಥವಾ ಕನೆಕ್ಟರ್‌ಗೆ ಕಿಲುಬು ಹಿಡಿದರೆ ಕಳಿಸಿದ 18 ವೋಲ್ಟ್ ಮೇಲೆ ಮುಟ್ಟುವಾಗ ಸೊರಗಿರುತ್ತದೆ. ಆಗ ಒಂದು ಗುಂಪಿನ ಚಾನೆಲ್‌ಗಳು ಒಟ್ಟಿಗೇ ಮಾಯ.

ಹಳೆಯ ಕೇಬಲ್ ಕಾಲದ ತೆಳು ವೈರನ್ನು ಡಿಶ್‌ಗೆ ಬಳಸಬೇಡಿ. ಆರ್‌ಜಿ-6 ವೈರನ್ನೇ ಹಾಕಿ, ನಡುವೆ ಜೋಡಣೆ ಇಲ್ಲದೆ ಒಂದೇ ತುಂಡು ಎಳೆಯಿರಿ. ಹೊರಗಿನ ಕನೆಕ್ಟರ್‌ಗೆ ರಬ್ಬರ್ ಟೋಪಿ ಹಾಕಿ. ವೈರ್ ಮನೆಯೊಳಗೆ ಹೋಗುವ ಜಾಗದಲ್ಲಿ ಕೆಳಗೆ ಜೋಲುವ ಒಂದು ಬಳಸು ಬಿಡಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ. ಕನೆಕ್ಟರ್ ಬಿಚ್ಚುವ ಮುಂಚೆ ಬಾಕ್ಸಿನ ಪ್ಲಗ್ ತೆಗೆಯಿರಿ.

5. ಡಬ್ಬಾ ಟಿವಿಯನ್ನು ಗುಜರಿಗೆ ಹಾಕಬೇಕಿಲ್ಲ, ಆಂಟೆನಾವನ್ನು ಹಾಕಬಹುದು

ಡಿಜಿಟಲ್ ಆಯಿತೆಂದರೆ ಹೊಸ ಟಿವಿ ಕೊಳ್ಳಲೇಬೇಕು ಎಂದು ಅಂಗಡಿಯವರು ಹೆದರಿಸಿದ್ದುಂಟು. ಹಾಗೇನಿಲ್ಲ. ಡಿಜಿಟಲ್ಲನ್ನು ಬಿಡಿಸಿ ಕೊಡುವ ಕೆಲಸ ಬಾಕ್ಸಿನದು. ಟಿವಿಗೆ ಕೆಂಪು, ಬಿಳಿ, ಹಳದಿ ಪಿನ್ನುಗಳ ತೂತಿದ್ದರೆ ಅಲ್ಲಿಗೆ ಜೋಡಿಸಿದರಾಯಿತು. ಅದೂ ಇಲ್ಲದ ಬಹಳ ಹಳೆಯ ಟಿವಿಗೆ ಆರ್‌ಎಫ್ ಮಾಡ್ಯುಲೇಟರ್ ಎಂಬ ಪುಟ್ಟ ಡಬ್ಬಿ ಬೇಕು. ಟಿವಿಯಲ್ಲಿ ಒಂದೇ ಚಾನೆಲ್ಲನ್ನು ಟ್ಯೂನ್ ಮಾಡಿ ಬಿಟ್ಟರೆ ಸಾಕು.

ಆಂಟೆನಾ ಮಾತ್ರ ನಮ್ಮ ಕಡೆ ಪ್ರಯೋಜನಕ್ಕೆ ಬಾರದು. ದೂರದರ್ಶನ 2016ರಲ್ಲಿ ಆಂಟೆನಾದಲ್ಲೇ ಹಿಡಿಯುವ ಡಿಜಿಟಲ್ ಪ್ರಸಾರ ಶುರುಮಾಡಿದ್ದು ಬೆಂಗಳೂರು ಸೇರಿ 16 ನಗರಗಳಲ್ಲಿ. ಅದಕ್ಕೆ ಬೇರೆಯದೇ ಟ್ಯೂನರ್ ಬೇಕು, ಅದರ ಅಲೆ ಘಟ್ಟದವರೆಗೆ ಬರುವುದೂ ಇಲ್ಲ.

6. ಹೊಸ ಟಿವಿಗೆ ಹಳದಿ ವೈರ್ ಬೇಡ

ನಲವತ್ತೆರಡು ಇಂಚಿನ ಟಿವಿ ತಂದು, ಎಚ್‌ಡಿ ಪ್ಯಾಕೇಜ್ ಹಾಕಿಸಿ, ಬಾಕ್ಸಿನಿಂದ ಹಳದಿ ಪಿನ್ನಿನ ವೈರನ್ನೇ ಕೊಟ್ಟ ಮನೆಗಳು ಇನ್ನೂ ಇವೆ. ಆ ವೈರಿನಲ್ಲಿ ಎಚ್‌ಡಿ ಹರಿಯುವುದಿಲ್ಲ. ಎಚ್‌ಡಿಎಂಐ ವೈರ್ ಹಾಕಿ, ಬಾಕ್ಸಿನ ಸೆಟ್ಟಿಂಗ್‌ನಲ್ಲಿ ಟಿವಿ ಆಕಾರವನ್ನು 16:9 ಮಾಡಿ. ಹಳೆಯ ಸಿನಿಮಾಗಳಲ್ಲಿ ರಾಜ್‌ಕುಮಾರ್ ಅಡ್ಡಕ್ಕೆ ಊದಿಕೊಂಡಂತೆ ಕಂಡರೆ ಟಿವಿ ಚಿತ್ರವನ್ನು ಎಳೆದು ತುಂಬಿಸುತ್ತಿದೆ ಎಂದರ್ಥ. ಎಡಬಲದಲ್ಲಿ ಕಪ್ಪು ಪಟ್ಟಿ ಇರುವುದು ದೋಷವಲ್ಲ. ಆ ಸಿನಿಮಾದ ಆಕಾರವೇ ಅಷ್ಟು.

7. ಒಂದು ವೈರಿಗೆ ಮೂರು ಟಿವಿ ಎಂಬ ಕಾಲ ಹೋಯಿತು

ಅನಲಾಗ್ ಕೇಬಲ್ಲಿನಲ್ಲಿ ಒಂದು ಸ್ಪ್ಲಿಟರ್ ಹಾಕಿ ಅಡುಗೆಮನೆಗೊಂದು, ಅಜ್ಜನ ಕೋಣೆಗೊಂದು ಟಿವಿ ಕೊಡುತ್ತಿದ್ದೆವು. ಮೂರೂ ಕಡೆ ಬೇರೆ ಬೇರೆ ಚಾನೆಲ್ ಬರುತ್ತಿತ್ತು, ಬಿಲ್ ಒಂದೇ. ಈಗ ಚಾನೆಲ್‌ಗಳು ಬೀಗ ಹಾಕಿಕೊಂಡು ಬರುತ್ತವೆ, ಬೀಗ ತೆಗೆಯಲು ಪ್ರತಿ ಟಿವಿಗೂ ಒಂದು ಬಾಕ್ಸ್ ಬೇಕು. ಕೂಡುಕುಟುಂಬಗಳಲ್ಲಿ ಡಿಜಿಟಲ್ ತಂದ ನಿಜವಾದ ಜಗಳ ಇದು: ಎಂಟು ಗಂಟೆಗೆ ಧಾರಾವಾಹಿಯೋ ಕ್ರಿಕೆಟ್ಟೋ?

ಎರಡು ಬಾಕ್ಸ್ ಇಟ್ಟರೂ ಒಂದೇ ಎಲ್‌ಎನ್‌ಬಿಯ ವೈರನ್ನು ಸೀಳಿ ಕೊಡುವಂತಿಲ್ಲ. ಒಂದು ಬಾಕ್ಸ್ 13 ವೋಲ್ಟ್ ಕೇಳುವಾಗ ಇನ್ನೊಂದು 18 ಕೇಳುತ್ತದೆ. ಎರಡು ಬಾಯಿಯ ಎಲ್‌ಎನ್‌ಬಿ ಹಾಕಿ ಎರಡು ವೈರ್ ಇಳಿಸಬೇಕು. ಮನೆ ಕಟ್ಟುತ್ತಿರುವವರಿಗೆ ನನ್ನ ಒಂದೇ ಮಾತು: ಗೋಡೆ ಪ್ಲಾಸ್ಟರ್ ಆಗುವ ಮುಂಚೆ ಡಿಶ್ ಇಡುವ ಕಡೆಯಿಂದ ಪ್ರತಿ ಕೋಣೆಗೂ ಅಗಲವಾದ ಪೈಪ್ ಕೂರಿಸಿ, ವೈರ್ ಆಮೇಲೆ ಬರಲಿ.

8. ಸಿಡಿಲು ವೈರ್ ಹಿಡಿದೇ ಬರುತ್ತದೆ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮಾರನೆಯ ದಿನ ನಮ್ಮ ಫೋನಿಗೆ ಬಿಡುವಿಲ್ಲ. ಸ್ವಿಚ್ ಆಫ್ ಮಾಡಿದ್ದೆವು ಎನ್ನುತ್ತಾರೆ. ಆದರೆ ಡಿಶ್ಶಿನ ವೈರ್ ಬಾಕ್ಸಿನಲ್ಲೇ ಇರುತ್ತದೆ. ಮೋಡ ಕಟ್ಟುವಾಗಲೇ ಪ್ಲಗ್ಗನ್ನೂ ಡಿಶ್ ವೈರನ್ನೂ ಎರಡನ್ನೂ ಕಿತ್ತಿಡಿ. ಗುಡುಗು ಶುರುವಾದ ಮೇಲೆ ವೈರ್ ಮುಟ್ಟಲೇಬೇಡಿ. ಬಾಕ್ಸ್ ಹೋದರೆ ಇನ್ನೊಂದು ಸಿಗುತ್ತದೆ, ಜೀವ ಸಿಗುವುದಿಲ್ಲ. ಡಿಶ್ ಪೈಪಿಗೆ ಅರ್ಥಿಂಗ್ ಮಾಡಿಸಿ.

9. ಬಿಲ್ಲನ್ನೂ ಟ್ಯೂನ್ ಮಾಡಬೇಕು

2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ಹೊಸ ದರ ನಿಯಮ ಜಾರಿಯಾದಾಗ ನಮ್ಮ ಕೆಲಸ ಸ್ಕ್ರೂಡ್ರೈವರ್‌ನಿಂದ ಪೆನ್ನಿಗೆ ಬಂತು. 100 ಚಾನೆಲ್‌ವರೆಗೆ 130 ರೂಪಾಯಿ ಮೂಲ ಶುಲ್ಕ, ಜಿಎಸ್‌ಟಿ ಸೇರಿ 153 ರೂಪಾಯಿ ಚಿಲ್ಲರೆ. ಹಣ ಕೊಡಬೇಕಾದ ಚಾನೆಲ್‌ಗಳಿಗೆ ಅದರ ಮೇಲೆ ಬೇರೆ. ಆಗ ಒಂದು ಎಚ್‌ಡಿ ಚಾನೆಲ್ ಎರಡು ಚಾನೆಲ್‌ಗೆ ಸಮವಾಗಿತ್ತು. ಮರುವರ್ಷ 130 ರೂಪಾಯಿಗೇ 200 ಚಾನೆಲ್ ಆಯಿತು, ಆಮೇಲೂ ನಿಯಮ ಬದಲಾಗಿದೆ. ಬದಲಾಗದ ಪಾಠ ಇಷ್ಟೇ: ಮನೆಯವರು ಒಂದು ವಾರ ನಿಜವಾಗಿ ನೋಡುವ ಚಾನೆಲ್‌ಗಳನ್ನು ಬರೆದುಕೊಳ್ಳಲಿ. ಪಟ್ಟಿ ಸಾಮಾನ್ಯವಾಗಿ ಹದಿನೈದು ದಾಟುವುದಿಲ್ಲ. ಚಂದನ, ವಾರ್ತೆ, ಹಳೆಯ ಹಿಂದಿ ಹಾಡು ಸಾಕು ಎನ್ನುವವರಿಗೆ ತಿಂಗಳ ಬಾಡಿಗೆಯೇ ಇಲ್ಲದ ಡಿಡಿ ಫ್ರೀ ಡಿಶ್ ಇದೆ. ಕನ್ನಡ ಧಾರಾವಾಹಿ ಬಿಡಲಾಗದವರಿಗೆ ಅದು ಸಾಲದು ಎಂಬುದನ್ನೂ ಮೊದಲೇ ಹೇಳಿಬಿಡಬೇಕು.

10. ಹೊರಡುವ ಮುಂಚೆ ಮನೆಯವರಿಗೆ ಕೆಲಸ ಒಪ್ಪಿಸಿ

“ಟಿವಿ ಹಾಳಾಗಿದೆ” ಎಂಬ ಕರೆಗಳಲ್ಲಿ ಬಹುಪಾಲು ಹಾಳಾಗಿರುವುದಿಲ್ಲ. ಮೊಮ್ಮಗ ಟಿವಿ ರಿಮೋಟಿನ ಸೋರ್ಸ್ ಬಟನ್ ಒತ್ತಿರುತ್ತಾನೆ, ಅಷ್ಟೆ. ಒಂದು ಗುಂಡಿ ತಿರುಗಿಸಿ ಟಿವಿ ನೋಡಿದವರ ಕೈಗೆ ಎರಡು ರಿಮೋಟ್ ಕೊಟ್ಟಿದ್ದೇವೆ. ಟಿವಿ ರಿಮೋಟಿನಲ್ಲಿ ಆನ್ ಬಟನ್ ಬಿಟ್ಟು, ಸೋರ್ಸ್ ಬಟನ್ ಸೇರಿ ಉಳಿದದ್ದಕ್ಕೆ ಟೇಪ್ ಅಂಟಿಸಿ. ಬಾಕ್ಸ್ ರಿಮೋಟಿಗೆ ಟಿವಿ ಆನ್ ಮಾಡಲು ಕಲಿಸಬಹುದಾದರೆ ಕಲಿಸಿ. ನೋಡುವ ಚಾನೆಲ್‌ಗಳ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಆ ಕಾಗದದ ಕೆಳಗೆ ನಾನು ಇನ್ನೊಂದು ಸಾಲು ಬರೆಯುತ್ತೇನೆ: ಇವತ್ತಿನ ತಾರೀಖು, ಒಣ ಹವೆಯಲ್ಲಿ ಬಂದ ಕ್ವಾಲಿಟಿ ಅಂಕಿ, ಅದನ್ನು ನೋಡಲು ಒತ್ತಬೇಕಾದ ಬಟನ್‌ಗಳು. ಆಂಟೆನಾ ಕಾಲದಲ್ಲಿ ದೋಷ ಹಿಡಿಯುವುದು ಮನೆಯವರಿಗೇ ಗೊತ್ತಿತ್ತು. ಡಿಜಿಟಲ್ ಆ ವಿದ್ಯೆಯನ್ನು ಅವರ ಕೈಯಿಂದ ಕಿತ್ತುಕೊಂಡಿತು, ಈ ಒಂದು ಸಾಲು ಅದನ್ನು ಮರಳಿಸುತ್ತದೆ. “ಟಿವಿ ಬರ್ತಿಲ್ಲ” ಎಂಬ ಕರೆಗೆ ಇಪ್ಪತ್ತು ಕಿಲೋಮೀಟರ್ ಬೈಕ್ ಓಡಿಸಬೇಕು. “ಬಿಸಿಲಿದೆ, ಆದ್ರೂ ಎಂಬತ್ತಿದ್ದ ಕ್ವಾಲಿಟಿ ನಲವತ್ತಾಗಿದೆ, ಡಿಶ್ ಸ್ವಲ್ಪ ಪಡುವಣಕ್ಕೆ ತಿರುಗಿದ ಹಾಗಿದೆ” ಎಂದು ಹೇಳುವ ಅಮ್ಮನಿಗೆ ಏನು ಮಾಡಬೇಕೆಂದು ಫೋನಿನಲ್ಲೇ ಹೇಳಬಹುದು.