ಕಲ್ಲು ನಿಂತರೆ ಹಾಡೂ ನಿಲ್ಲಬೇಕೆ?

ನಿಮ್ಮ ಮನೆಯಲ್ಲಿ ಬೀಸುವ ಕಲ್ಲು ಇದೆಯೆ? ಇದ್ದರೆ ಅದೀಗ ಹಿತ್ತಲಿನ ಮೂಲೆ ಸೇರಿರಬಹುದು. ಗಿರಣಿ ಬಂದು ಹೆಣ್ಣುಮಕ್ಕಳ ರಟ್ಟೆಗೆ ವಿಶ್ರಾಂತಿ ದೊರೆಯಿತು. ಅದಕ್ಕಾಗಿ ಯಾರೂ ಕೊರಗಬೇಕಾಗಿಲ್ಲ. ಆದರೆ ಆ ಕಲ್ಲಿನ ಮುಂದೆ ನಡೆಯುತ್ತಿದ್ದ ಸಂಗೀತದ ಪಾಠವೂ ಅದರೊಡನೆಯೇ ನಿಂತುಹೋಯಿತು. ಅದನ್ನು ಪಾಠವೆಂದು ನಾವು ಎಣಿಸಿಯೇ ಇರಲಿಲ್ಲ.

ಆ ಪಾಠ ಹೇಗೆ ನಡೆಯುತ್ತಿತ್ತೆಂದು ನೆನಪು ಮಾಡಿಕೊಳ್ಳಿ. ನಸುಕಿನಲ್ಲಿ ತಾಯಿ ಬೀಸಲು ಕೂಡುವಳು. ಎದುರಿಗೆ ಮಗಳೋ ಸೊಸೆಯೋ ಗೂಟಕ್ಕೆ ಕೈ ಹಚ್ಚುವಳು. ಹಿರಿಯಳು ಒಂದು ಸಾಲು ಹಾಡಿದರೆ ಕಿರಿಯಳು ಅದನ್ನೇ ಹಿಡಿದು ತಿರುಗಿ ಹೇಳುವಳು. ಕಲ್ಲಿನ ಸುತ್ತೇ ತಾಳ, ಅದರ ಗುರುಗುರು ನಾದವೇ ಶ್ರುತಿ. ತಪ್ಪಿದರೆ ಬೈಯುವವರಿಲ್ಲ, ಮುಂದಿನ ಸುತ್ತಿನಲ್ಲಿ ತಾನೇ ಸರಿಹೋಗುತ್ತಿತ್ತು. ಮೂರು ಸಾಲಿನ ತ್ರಿಪದಿಯ ಜೊತೆಗೆ ಆ ಹುಡುಗಿ ತವರಿನ ಅಭಿಮಾನವನ್ನೂ, ಅಣ್ಣತಮ್ಮಂದಿರನ್ನು ಹರಸುವ ಬಗೆಯನ್ನೂ, ದುಃಖವನ್ನು ಬಾಯಿಬಿಟ್ಟು ಹೇಳುವ ಧೈರ್ಯವನ್ನೂ ಕಲಿತಳು. ಸಂಸ್ಕೃತಿ ಎಂಬ ದೊಡ್ಡ ಮಾತಿಗೆ ನಮ್ಮ ಮನೆಗಳಲ್ಲಿ ಇದ್ದ ಅರ್ಥ ಇಷ್ಟೇ.

ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಊರೂರಿನ ಹೆಣ್ಣುಮಕ್ಕಳ ಬಾಯಿಂದ ಇಂಥ ಪದಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕ ಹೊರತಂದರು. ಅವರು ಮಾಡಿದ ಉಪಕಾರ ಸಣ್ಣದಲ್ಲ. ಆದರೂ ಒಂದು ಮಾತನ್ನು ಗಮನಿಸಬೇಕು. ಪುಸ್ತಕ ಉಳಿಸಿಕೊಟ್ಟದ್ದು ಹಾಡಿನ ಮಾತನ್ನು; ಧಾಟಿಯನ್ನಲ್ಲ. ಎಲ್ಲಿ ಎಳೆಯಬೇಕು, ಯಾವ ಸಾಲನ್ನು ಎರಡು ಸಲ ಹೇಳಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದು ಅಕ್ಷರದಲ್ಲಿ ಇಳಿಯುವುದಿಲ್ಲ. ಅದು ಒಂದು ಗಂಟಲಿನಿಂದ ಇನ್ನೊಂದು ಗಂಟಲಿಗೇ ದಾಟಬೇಕು.

“ನಮ್ಮ ಹಳ್ಳಿಯಲ್ಲಿ ಸಂಗೀತ ಕಲಿಸಲು ವಿದ್ವಾಂಸರು ಎಲ್ಲಿದ್ದಾರೆ?” ಎಂದು ನೀವು ಕೇಳಬಹುದು. ಕರ್ನಾಟಕ ಸಂಗೀತದ ಮೊದಲ ಪಾಠಗಳನ್ನೇ ನೋಡಿ. ಅವನ್ನು ಕ್ರಮಪಡಿಸಿದವರು 16ನೆಯ ಶತಮಾನದ ಪುರಂದರದಾಸರೆಂದು ಪರಂಪರೆ ಹೇಳುತ್ತದೆ. ಮೊದಲು ಸರಳೆ, ಆಮೇಲೆ ಜಂಟಿವರಸೆ, ಬಳಿಕ ಏಳು ತಾಳಗಳ ಅಲಂಕಾರ, ಅನಂತರ ಸಣ್ಣ ಗೀತೆ. ಇವಿಷ್ಟರಲ್ಲಿ ಗೀತೆ ಬರುವವರೆಗಿನ ಪಾಠವೆಲ್ಲ ಮಾಯಾಮಾಳವಗೌಳ ರಾಗದಲ್ಲಿ. ಈ ರಾಗದಲ್ಲಿ ಸ ರಿ ಗ ಮ ಎಂಬಲ್ಲಿ ಸ್ವರಗಳ ನಡುವೆ ಎಷ್ಟೆಷ್ಟು ಅಂತರವಿದೆಯೋ ಪ ದ ನಿ ಸ ಎಂಬಲ್ಲಿಯೂ ಅಷ್ಟಷ್ಟೇ. ಅರ್ಧ ಕಲಿತ ಮಗುವಿಗೆ ಉಳಿದರ್ಧ ಸುಲಭವಾಗುತ್ತದೆ. ಆದಿತಾಳಕ್ಕೆ ಕೈಯೇ ಸಾಕು: ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಒಂದು ಪೆಟ್ಟು ಒಂದು ಬೀಸು, ಇನ್ನೊಂದು ಪೆಟ್ಟು ಇನ್ನೊಂದು ಬೀಸು, ಒಟ್ಟು ಎಂಟು. ಇಲ್ಲಿಯೂ ಗುರು ಹೇಳುವುದು, ಶಿಷ್ಯ ತಿರುಗಿ ಹೇಳುವುದು. ಕಲ್ಲಿನ ಮುಂದಿನ ಪಾಠಕ್ಕೂ ಇದಕ್ಕೂ ದಾರಿ ಒಂದೇ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಮಾತೂ ಇಲ್ಲಿ ಬರಬೇಕು. ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಅಂಧರಿಗೂ ಬಡ ಮಕ್ಕಳಿಗೂ ಅನ್ನವಿಟ್ಟು ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ, ಅವರಂತೆಯೇ ಅಂಧರಾದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ದೇಹ ಬಿಡುವವರೆಗೂ ಅದನ್ನು ನಡೆಸಿದರು. ಊರಿನವರು ಭಾರವೆಂದು ತಿಳಿದಿದ್ದ ಹುಡುಗರು ಅಲ್ಲಿ ಹಾಡುಗಾರರಾದರು, ವಾದ್ಯಗಾರರಾದರು.

ನಮ್ಮ ಕಡೆಯ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ನಾನು ಹೋಗಿದ್ದೆ. ಹತ್ತು ಹಾಡುಗಳಾದವು, ಒಂದು ಮಗುವೂ ಬಾಯಿಬಿಟ್ಟು ಹಾಡಲಿಲ್ಲ. ಧ್ವನಿಪೆಟ್ಟಿಗೆ ಹಾಡಿತು, ಮಕ್ಕಳು ಕುಣಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಮುದುಕಿಯೊಬ್ಬರಿಗೆ ರಾತ್ರಿಯೆಲ್ಲ ಹೇಳುವಷ್ಟು ಸೋಬಾನೆ ಪದ ಬರುತ್ತಿತ್ತೆಂದು ಆಮೇಲೆ ತಿಳಿಯಿತು. ಅವರನ್ನು ಯಾರೂ ಕೇಳಿರಲಿಲ್ಲ.

ನಿಮ್ಮ ಊರಿನಲ್ಲಿಯೂ ಅಂಥವರು ಇದ್ದಾರು. ವಾರಕ್ಕೊಂದು ಸಂಜೆ ಅವರನ್ನು ಶಾಲೆಯ ಜಗುಲಿಗೆ ಕರೆಯಿರಿ. ನಡೆಯಲಾರದವರಾದರೆ ಮಕ್ಕಳೇ ಅವರ ಮನೆಗೆ ಹೋಗಲಿ. ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಹಾಡನ್ನು ಹಿಡಿದಿಡಿ. ಯಾರಿಂದ ಕಲಿತರು, ಯಾವ ಕೆಲಸಕ್ಕೆ, ಯಾವ ಶಾಸ್ತ್ರಕ್ಕೆ ಹೇಳುವ ಪದ ಎಂಬುದನ್ನೂ ಬರೆದಿಡಿ. ಆದರೆ ಮೊಬೈಲಿನಲ್ಲಿ ಸೇರಿತೆಂದು ಕೆಲಸ ಮುಗಿಯಿತೆಂದು ತಿಳಿಯಬೇಡಿ. ಅಜ್ಜಿ ಎದುರಿಗಿರುವಾಗಲೇ ಮಕ್ಕಳು ತಿರುಗಿ ಹೇಳಬೇಕು. ಮೊದಲ ತಿಂಗಳು ಎರಡು ಪದ ಬಂದರೆ ಸಾಕು. ಗಂಡುಮಕ್ಕಳನ್ನೂ ಕೂಡಿಸಿ, ಸೋಬಾನೆ ಹೆಂಗಸರದೆಂದು ಅವರು ನಕ್ಕರೆ ನಗಲಿ, ಎರಡು ವಾರದಲ್ಲಿ ಅವರೂ ಹೇಳುತ್ತಾರೆ.

ಇನ್ನು ಶ್ರುತಿಯ ವಿಚಾರ. ಹಾರ್ಮೋನಿಯಂ ಇಲ್ಲವೆಂದು ಕಾಯಬೇಡಿ, ಭಜನೆಯವರ ಏಕತಾರಿ ಆದೀತು. ಅಜ್ಜಿಯ ಗಂಟಲು ವಯಸ್ಸಿನಿಂದ ತಗ್ಗಿರುತ್ತದೆ. ಮಕ್ಕಳಿಗೆ ಅಷ್ಟು ತಗ್ಗು ಒಗ್ಗುವುದಿಲ್ಲ. ಅವರು ಕಿರಿಚದೆ, ಗೊಣಗದೆ ಹೇಳಬಲ್ಲ ಎತ್ತರ ಯಾವುದೆಂದು ಮೊದಲ ಸಂಜೆಯೇ ನೋಡಿಕೊಂಡು ತಂತಿಯನ್ನು ಅದಕ್ಕೆ ಬಿಗಿಯಿರಿ.